ಕಡಲ ಗಾಳಿಯಲ್ಲಿ ಕಾಂಕ್ರೀಟ್ ಶಿಲ್ಪ

(ಮಾವಿನಕುರ್ವೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಂಕ್ರೀಟು ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ತಾರಸಿ, ಸೇತುವೆ, ಬಂದರಿನ ಧಕ್ಕೆ. ಶಿಲ್ಪ ಎಂದೊಡನೆ ನೆನಪಾಗುವುದು ಕಲ್ಲು, ಕಂಚು, ಗಂಧದ ಮರ. ಒಂದು ಗುತ್ತಿಗೆದಾರರ ವಸ್ತು, ಇನ್ನೊಂದು ಕಲಾವಿದರ ವಸ್ತು ಎಂದು ನಾವು ಮನಸ್ಸಿನಲ್ಲೇ ಪಾಲು ಮಾಡಿಬಿಟ್ಟಿದ್ದೇವೆ. ಆದರೆ ಇಲ್ಲಿಂದ ಹೆದ್ದಾರಿ ಹಿಡಿದು ಹೊರಟರೆ ಬಹಳ ಹೊತ್ತಾಗುವ ಮೊದಲೇ ಈ ಪಾಲುಪಟ್ಟಿ ಸುಳ್ಳಾಗುತ್ತದೆ. ಮುರ್ಡೇಶ್ವರದ ಕಂದುಕಗಿರಿಯ ಮೇಲೆ, ಮೂರು ಕಡೆ ಕಡಲನ್ನು ಇಟ್ಟುಕೊಂಡು 123 ಅಡಿಯ ಶಿವ ಕುಳಿತಿದ್ದಾನೆ. ಅವನ ಮೈ ಕಲ್ಲಲ್ಲ, ಕಂಚಲ್ಲ. ಸಿಮೆಂಟು, ಜಲ್ಲಿ, ಹೊಯ್ಗೆ, ಕಂಬಿ.

ಅಲ್ಲಿಗೆ ಹೋಗುವವರಲ್ಲಿ ಭಕ್ತರು ಕೈ ಮುಗಿಯುತ್ತಾರೆ, ಪ್ರವಾಸಿಗರು ಚಿತ್ರ ತೆಗೆದುಕೊಳ್ಳುತ್ತಾರೆ. ಕಲೆಯ ವಿಚಾರ ಬರೆಯುವವರು ಮಾತ್ರ ಹೆಚ್ಚಾಗಿ ಸುಮ್ಮನೆ ಮುಂದೆ ಹೋಗುತ್ತಾರೆ. "ಸಿಮೆಂಟಿನ ಗೊಂಬೆ" ಎಂಬ ಎರಡು ಪದದಲ್ಲಿ ವಿಷಯ ಮುಗಿಯಿತೆಂದು ಅವರ ಭಾವನೆ. ಆ ಎರಡು ಪದಗಳು ನ್ಯಾಯವೇ? ಕಾಂಕ್ರೀಟಿಗೆ ಶಿಲ್ಪವಾಗುವ ಯೋಗ್ಯತೆ ಇದೆಯೇ? ಇದ್ದರೆ, ನಮ್ಮ ಈ ಉಪ್ಪು ಗಾಳಿಯಲ್ಲಿ ಅದು ಎಷ್ಟು ಕಾಲ ಬಾಳೀತು? ಇಂದು ಈ ಮೂರು ಪ್ರಶ್ನೆಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಕೆತ್ತುವುದು, ಮೆತ್ತುವುದು, ಎರೆಯುವುದು

ಶಿಲ್ಪ ಮಾಡುವುದಕ್ಕೆ ಮೂಲತಃ ಮೂರೇ ದಾರಿ. ಬೇಡದ್ದನ್ನು ತೆಗೆಯುತ್ತ ಹೋಗುವುದು ಕೆತ್ತನೆ. ನಮ್ಮ ಕುಮಟಾ, ಹೊನ್ನಾವರ, ಶಿರಸಿ, ಸಾಗರ, ಸೊರಬಗಳ ಗುಡಿಗಾರರು ಗಂಧ ಮತ್ತು ಶಿವನಿ ಮರದಲ್ಲಿ ಮಾಡುತ್ತ ಬಂದದ್ದು ಇದನ್ನೇ. ಬೇಕಾದ್ದನ್ನು ಸೇರಿಸುತ್ತ ಹೋಗುವುದು ಮೆತ್ತನೆ. ಚೌತಿಯ ಗಣಪತಿಯನ್ನು ಮಣ್ಣಿನಲ್ಲಿ ಮಾಡುವುದು ಹೀಗೆ. ಮೂರನೆಯದು ಎರಕ: ಮೊದಲು ಅಚ್ಚು, ಅದರೊಳಗೆ ಹರಿಯುವ ವಸ್ತು, ಅದು ಗಟ್ಟಿಯಾದ ಮೇಲೆ ಅಚ್ಚನ್ನು ತೆಗೆಯುವುದು.

ಕೆತ್ತುವವನು ತಪ್ಪಿದರೆ ಹೋದ ಚೂರು ಮತ್ತೆ ಬರುವುದಿಲ್ಲ. ಮೆತ್ತುವವನು ತಪ್ಪಿದರೆ ಹಸಿಯಿರುವಷ್ಟು ಹೊತ್ತು ತಿದ್ದಿಕೊಳ್ಳಬಹುದು. ಎರೆಯುವವನು ತಪ್ಪಿದ್ದು ತಿಳಿಯುವುದು ಅಚ್ಚು ಬಿಚ್ಚಿದ ಮೇಲೆಯೇ. ಕಾಂಕ್ರೀಟಿನ ವಿಶೇಷವೆಂದರೆ ಅದು ಈ ಮೂರಕ್ಕೂ ಒಗ್ಗುತ್ತದೆ. ಹಸಿಯಿದ್ದಾಗ ಎರೆಯಬಹುದು, ಮೆತ್ತಬಹುದು. ಅರೆ ಗಟ್ಟಿಯಾದಾಗ ಕೊರೆಯಬಹುದು. ಪೂರ್ತಿ ಗಟ್ಟಿಯಾದ ಮೇಲೆ ಉಳಿ ಹಾಕಬಹುದು.

ಗಾರೆಯಲ್ಲಿ ಮೂರ್ತಿ ಮಾಡುವುದು ನಮಗೆ ಪರದೇಶದಿಂದ ಬಂದ ವಿದ್ಯೆಯೂ ಅಲ್ಲ. ಹಂಪೆಯ ಗೋಪುರಗಳನ್ನು ನೋಡಿ. ಕೆಳಭಾಗ ಕಲ್ಲು, ಮೇಲ್ಭಾಗ ಇಟ್ಟಿಗೆ. ಆ ಇಟ್ಟಿಗೆಯ ಮೈಮೇಲಿನ ದೇವತೆಗಳು, ದ್ವಾರಪಾಲಕರು, ಯಾಳಿಗಳು ಎಲ್ಲ ಸುಣ್ಣದ ಗಚ್ಚಿನವು. ಸಂಸ್ಕೃತದಲ್ಲಿ ಅದಕ್ಕೆ ಸುಧೆ ಎಂದು ಹೆಸರು. ಕರಾವಳಿಯಲ್ಲಂತೂ ಸುಣ್ಣಕ್ಕೆ ಕಲ್ಲಿನ ಗಣಿಯೂ ಬೇಕಿರಲಿಲ್ಲ. ಅಘನಾಶಿನಿ ಹೊಳೆ ಕಡಲು ಸೇರುವಲ್ಲಿ ಸಿಗುವ ಚಿಪ್ಪನ್ನು ಸುಟ್ಟು ಸುಣ್ಣ ಮಾಡಿ, ಹೊಯ್ಗೆ ಬೆರೆಸಿ, ಚಿರೇಕಲ್ಲಿನ ಗೋಡೆಗೆ ಬಳಿದವರು ನಮ್ಮ ಹಿಂದಿನವರು. ಸಿಮೆಂಟು ಬಂದದ್ದು ಆಮೇಲೆ. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬ ಗಾರೆ ಕೆಲಸದವನು "ಪೋರ್ಟ್‌ಲ್ಯಾಂಡ್ ಸಿಮೆಂಟ್" ಎಂಬ ಹೆಸರಿಗೆ ಹಕ್ಕುಪತ್ರ ಪಡೆದದ್ದು 1824ರಲ್ಲಿ. ಅದರೊಳಗೆ ಕಬ್ಬಿಣ ಹುದುಗಿಸುವ ಯುಕ್ತಿಗೆ 1867ರಲ್ಲಿ ಹಕ್ಕುಪತ್ರ ಪಡೆದ ಫ್ರಾನ್ಸಿನ ಜೋಸೆಫ್ ಮೊನಿಯೆ ಇಂಜಿನಿಯರನಲ್ಲ, ತೋಟಗಾರ. ಹೂವಿನ ಕುಂಡ ಒಡೆಯದಿರಲಿ ಎಂಬುದು ಅವನ ಚಿಂತೆಯಾಗಿತ್ತು. ಇಂದಿನ ಬಹುಮಹಡಿ ಕಟ್ಟಡಗಳ ವಂಶಾವಳಿಯಲ್ಲಿ ಹೂಕುಂಡವೂ ಒಂದು ಎಂದರೆ ಆಶ್ಚರ್ಯವಲ್ಲವೆ?

ಮರಳೇ ಅಚ್ಚು

ಈ ವಸ್ತುವನ್ನು ಕಲಾವಿದರು ಪ್ರಯೋಗಕ್ಕೆ ಒಡ್ಡಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಕಡಲ ದಂಡೆಯ ನಮಗೆ ಅರ್ಥವಾಗುವ ಒಂದು ಉದಾಹರಣೆ ಹೇಳುತ್ತೇನೆ. ಕೊಸ್ಟಾಂಟಿನೊ ನಿವೋಲಾ ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ 1911ರಲ್ಲಿ ಹುಟ್ಟಿದವನು, ಗಾರೆ ಕೆಲಸದವನ ಮಗ. ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ಬಳಿಯ ಲಾಂಗ್ ಐಲ್ಯಾಂಡಿನಲ್ಲಿ ಮನೆ ಮಾಡಿದ. ಅಲ್ಲಿಯ ಕಡಲ ದಂಡೆಯಲ್ಲಿ ಮಕ್ಕಳೊಡನೆ ಆಡುತ್ತಿದ್ದಾಗ ಒದ್ದೆ ಮರಳಿನಲ್ಲಿ ಗುಳಿ, ಗೆರೆ, ಉಬ್ಬು ತಗ್ಗು ಮಾಡಿ ಅದರ ಮೇಲೆ ಗಾರೆ ಹೊಯ್ದರೆ ಏನಾದೀತು ಎಂದು ಅವನಿಗೆ ಹೊಳೆಯಿತು. ಗಟ್ಟಿಯಾದ ಮೇಲೆ ಎತ್ತಿ ತಿರುಗಿಸಿದರೆ ಗುಳಿಯೆಲ್ಲ ಉಬ್ಬು, ಉಬ್ಬೆಲ್ಲ ಗುಳಿ. ಮೈಮೇಲೆ ಅಂಟಿಕೊಂಡ ಮರಳೇ ಅದರ ಚರ್ಮ. 1954ರಲ್ಲಿ ನ್ಯೂಯಾರ್ಕಿನ ಒಲಿವೆಟ್ಟಿ ಟೈಪ್‌ರೈಟರ್ ಮಳಿಗೆಗೆ ಇದೇ ಕ್ರಮದಲ್ಲಿ ಒಂದು ದೊಡ್ಡ ಗೋಡೆಯನ್ನೇ ಮಾಡಿಕೊಟ್ಟ.

ನಿವೋಲಾನ ಗೆಳೆಯನೊಬ್ಬ ಅದೇ ದಂಡೆಯಲ್ಲಿ ಕುಳಿತು ಈ ಮರಳಿನ ಎರಕವನ್ನು ತಾನೂ ಮಾಡಿ ನೋಡಿದ. ಅವನೇ ಲ ಕಾರ್ಬುಸಿಯೇ. ಚಂಡೀಗಢ ನಗರದ ವಾಸ್ತುಶಿಲ್ಪಿಯೆಂದು ನಾವು ಬಲ್ಲ ಈತ ಚಿತ್ರಕಾರನೂ ಶಿಲ್ಪಿಯೂ ಆಗಿದ್ದ. ಚಂಡೀಗಢದ ಕೆಲಸ ಆರಂಭವಾದದ್ದೂ 1950ರ ದಶಕದ ಅದೇ ಮೊದಲ ವರ್ಷಗಳಲ್ಲಿ. ಅಲ್ಲಿಯ ಸರ್ಕಾರಿ ಕಟ್ಟಡಗಳ ಕಾಂಕ್ರೀಟ್ ಗೋಡೆಗಳಲ್ಲಿ ಸೂರ್ಯ, ಪ್ರಾಣಿ, ಮನುಷ್ಯಾಕೃತಿ ಮೊದಲಾದ ಚಿಹ್ನೆಗಳು ಒಡಮೂಡಿವೆ. ಗೋಡೆ ಕಟ್ಟಿದ ಮೇಲೆ ಅಂಟಿಸಿದ ಅಲಂಕಾರ ಅವಲ್ಲ. ಸೆಂಟ್ರಿಂಗ್ ಹಲಗೆಗೆ ಆಕಾರ ಕೂರಿಸಿ ಗೋಡೆಯ ಜೊತೆಗೇ ಎರೆದವು. ಹಲಗೆಯ ಮರದ ಗೆರೆಗಳನ್ನೂ ಅವನು ಮುಚ್ಚಲಿಲ್ಲ. ಗಿಲಾವು ಮಾಡಿ ಬಣ್ಣ ಬಳಿದರೆ ಮಾತ್ರ ಕಾಂಕ್ರೀಟಿಗೆ ಮರ್ಯಾದೆ ಎಂಬ ನಂಬಿಕೆಯನ್ನು ಅವನು ತಲೆಕೆಳಗು ಮಾಡಿದ.

ಕೆಂಪು ಕಲ್ಲಿನ ನಂಟು

ಆದರೆ ಭಾರತದಲ್ಲಿ ಈ ಪ್ರಯೋಗಕ್ಕೆ ಚಂಡೀಗಢವೇ ಮೊದಲಲ್ಲ. ಅದಕ್ಕಿಂತ ಹತ್ತು ಹದಿನೈದು ವರ್ಷ ಮೊದಲೇ ಶಾಂತಿನಿಕೇತನದಲ್ಲಿ ರಾಮ್‌ಕಿಂಕರ್ ಬೈಜ್ (1906–1980) ಇದನ್ನು ಮಾಡಿ ತೋರಿಸಿದ್ದರು. ಕಲ್ಲಿಗೂ ಕಂಚಿಗೂ ಹಣವಿರದ ಕಾಲ. ಅವರು ಕಬ್ಬಿಣದ ಕಂಬಿಯ ಹಂದರ ಕಟ್ಟಿ, ಸಿಮೆಂಟಿಗೆ ಅಲ್ಲಿಯದೇ ಕೆಂಪು ಜಲ್ಲಿ ಬೆರೆಸಿ, ಹಿಡಿ ಹಿಡಿಯಾಗಿ ಆ ಹಂದರಕ್ಕೆ ಎಸೆದು ಮೆತ್ತಿದರು. 1938ರ "ಸಂತಾಲ ಕುಟುಂಬ" ಹುಟ್ಟಿದ್ದು ಹೀಗೆ: ಮನೆಮಾರು ಹೊತ್ತು ನಡೆದಿರುವ ಗಂಡ ಹೆಂಡತಿ, ಅಡ್ಡೆಯ ಬುಟ್ಟಿಯಲ್ಲಿ ಮಗು, ಜೊತೆಗೊಂದು ನಾಯಿ. ಒರಟು ಮೈ, ಒರಟು ಬದುಕು. ವಸ್ತುವೂ ವಿಷಯವೂ ಒಂದಾದವು. ಭಾರತದ ಆಧುನಿಕ ಶಿಲ್ಪಕಲೆ ಇಲ್ಲಿಂದ ಹೊಸ ಹೆಜ್ಜೆ ಇಟ್ಟಿತೆಂದು ವಿಮರ್ಶಕರು ಎಣಿಸುತ್ತಾರೆ.

ಆ ಕೆಂಪು ಜಲ್ಲಿ ಯಾವುದು ಗೊತ್ತೆ? ನಮ್ಮ ಚಿರೇಕಲ್ಲಿನ ಜಾತಿಯದೇ, ಲ್ಯಾಟರೈಟ್. ಆ ಹೆಸರನ್ನು ಕೊಟ್ಟವನು 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್. ಮಲಬಾರಿನಲ್ಲಿ ಇದನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ಕಂಡು, ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬರ್ಥದ ಪದದಿಂದ ಹೆಸರು ಮಾಡಿದ. ಅವನ ಪುಸ್ತಕ 1807ರಲ್ಲಿ ಅಚ್ಚಾಯಿತು. ಬಂಗಾಳದಲ್ಲಿ ಒಬ್ಬ ಬಡ ಕಲಾವಿದನ ಕೈಯಲ್ಲಿ ಮಹಾಶಿಲ್ಪವಾದ ವಸ್ತು ನಮ್ಮ ಹಿತ್ತಿಲ ಪಾಗಾರದಲ್ಲಿದೆ ಎಂಬುದನ್ನು ನಮ್ಮ ಕಲಾಶಾಲೆಯ ಹುಡುಗರು ನೆನಪಿಟ್ಟರೆ ಒಳ್ಳೆಯದು.

ಅಣೆಕಟ್ಟಿನ ಕಾಂಕ್ರೀಟು, ಶಿಲ್ಪಿಯ ಕೈ

ಈಗ ಮುರ್ಡೇಶ್ವರಕ್ಕೆ ಬರೋಣ. ಈ ಶತಮಾನದ ಮೊದಲ ದಶಕದಲ್ಲಿ ಎದ್ದ ಆ ಮೂರ್ತಿಯ ಹಿಂದೆ ಎರಡು ಬಗೆಯ ಅನುಭವ ಕೂಡಿವೆ. ಹಣ ಹಾಕಿ ಕ್ಷೇತ್ರವನ್ನು ಬೆಳೆಸಿದವರು ಅಲ್ಲಿಯೇ ಹುಟ್ಟಿದ ಆರ್.ಎನ್. ಶೆಟ್ಟಿಯವರು (1928–2020). ಅವರು ಗುತ್ತಿಗೆದಾರರಾಗಿ ಅಣೆಕಟ್ಟು, ಕಾಲುವೆ, ಸುರಂಗಗಳಲ್ಲಿ ಕಾಂಕ್ರೀಟು ಹೊಯ್ಸಿದವರು. ರೂಪ ಕೊಟ್ಟವರು ಶಿವಮೊಗ್ಗದ ಶಿಲ್ಪಿ ಕಾಶೀನಾಥ್ ಮತ್ತು ಅವರ ಸಂಗಡಿಗರು. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ 1995ರಲ್ಲಿ ನಿಂತ 65 ಅಡಿಯ ಶಿವನೂ ಅವರದೇ ಕೆಲಸ. ಅದರ ಜಾಡಿನಲ್ಲಿಯೇ ವಿಜಯಪುರದ ಶಿವಗಿರಿಯಲ್ಲಿ 85 ಅಡಿಯ ಶಿವ 2006ರಲ್ಲಿ ಲೋಕಾರ್ಪಣೆಯಾಯಿತು. ಹತ್ತು ಹನ್ನೆರಡು ವರ್ಷಗಳಲ್ಲಿ ಕರ್ನಾಟಕದಲ್ಲಿ ಇಂಥ ಕೆಲಸದ ಒಂದು ಪರಂಪರೆಯೇ ಬೆಳೆಯಿತು ಎನ್ನಬಹುದು.

ಇಷ್ಟು ಎತ್ತರದ ಮೂರ್ತಿಯನ್ನು ಒಂದೇ ಅಚ್ಚಿನಲ್ಲಿ ಎರೆಯಲಾಗುವುದಿಲ್ಲ. ಸಾಮಾನ್ಯವಾಗಿ ಮಾಡುವುದು ಹೀಗೆ: ಮೊದಲು ಚಿಕ್ಕ ಮಾದರಿ, ಅದನ್ನು ಚೌಕ ಚೌಕವಾಗಿ ಅಳೆದು ದೊಡ್ಡದಕ್ಕೆ ಹಿಗ್ಗಿಸುವುದು. ಒಳಗೆ ಕಟ್ಟಡದಂತೆಯೇ ಕಂಬ, ತೊಲೆ. ಅದರ ಹೊರಗೆ ಕಂಬಿಯ ಹಂದರ, ಹಂದರಕ್ಕೆ ತಂತಿ ಬಲೆ, ಬಲೆಯ ಮೇಲೆ ಕಾಂಕ್ರೀಟು, ಕೊನೆಗೆ ಕಣ್ಣು, ಮೂಗು, ಜಟೆ, ಹಾವುಗಳನ್ನು ಗಾರೆಯಲ್ಲಿ ತಿದ್ದುವುದು. ಒಳಗೆ ವಾಸ್ತುವಿದ್ಯೆ, ಹೊರಗೆ ಶಿಲ್ಪವಿದ್ಯೆ. ಅಟ್ಟಣಿಗೆಯ ಮೇಲೆ ನಿಂತವನ ಕಣ್ಣಿಗೆ ಮೂಗಿನ ಒಂದು ಹೊಳ್ಳೆ ಮಾತ್ರ ಕಾಣುವಾಗ, ನೂರಡಿ ಕೆಳಗಿನಿಂದ ನೋಡುವವನಿಗೆ ಮುಖ ಹೇಗೆ ಕಾಣುತ್ತದೆಂದು ಊಹಿಸಬೇಕು. ಕೆಳಗಿನಿಂದ ನೋಡುವಾಗ ತಲೆ ಕುಗ್ಗಿ ಕಾಣುವುದರಿಂದ ಅದನ್ನು ಲೆಕ್ಕಕ್ಕಿಂತ ಹಿಗ್ಗಿಸಿಯೇ ಮಾಡಬೇಕಾಗುತ್ತದೆ.

ಎತ್ತರ ಎಂಬುದು ಸುಲಭವಾಗಿ ಸಿಗುವುದಲ್ಲ. ಒಂದು ಮೂರ್ತಿಯನ್ನು ಎತ್ತರ, ಅಗಲ, ದಪ್ಪ ಎಲ್ಲದರಲ್ಲೂ ಎರಡು ಪಟ್ಟು ಮಾಡಿದರೆ ಗಾಳಿ ಬಡಿಯುವ ಮೈ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟಾಗುತ್ತದೆ. ಶ್ರವಣಬೆಳಗೊಳದ ಗೊಮ್ಮಟ 58 ಅಡಿ. ಅದು ಅಲ್ಲಿದ್ದ ಬಂಡೆಯಲ್ಲೇ ಕಡಿದದ್ದು, ಬುಡ ಬೆಟ್ಟಕ್ಕೇ ಅಂಟಿದೆ. ಕಾಂಕ್ರೀಟಿನ ಮೂರ್ತಿಗೆ ಆ ಭಾಗ್ಯವಿಲ್ಲ. ರಷ್ಯದ ವೋಲ್ಗೊಗ್ರಾಡಿನಲ್ಲಿ 1967ರಲ್ಲಿ ನಿಂತ "ಮಾತೃಭೂಮಿಯ ಕರೆ" ಎಂಬ 85 ಮೀಟರಿನ ಕಾಂಕ್ರೀಟ್ ಮೂರ್ತಿ ಶಿಲ್ಪಿ ವುಚೆಟಿಚ್ ಮತ್ತು ಇಂಜಿನಿಯರ್ ನಿಕಿಟಿನ್ ಇಬ್ಬರ ಕೃತಿ. ಅದರ ಕೈಯಲ್ಲಿದ್ದ ಲೋಹದ ಖಡ್ಗ ಗಾಳಿಗೆ ಅಲುಗಾಡಿ ತೊಂದರೆ ಕೊಟ್ಟಿತು. 1972ರಲ್ಲಿ ಗಾಳಿ ತೂರಿಹೋಗುವಂತೆ ಕಿಂಡಿಗಳಿರುವ ಬೇರೆ ಖಡ್ಗವನ್ನು ಕೂರಿಸಬೇಕಾಯಿತು. ಮೈಯಿಂದ ಹೊರಚಾಚಿದ ಕೈ, ಆಯುಧಗಳೇ ಇಂಥ ಮೂರ್ತಿಗಳ ಕಷ್ಟದ ಜಾಗ. ಮುರ್ಡೇಶ್ವರದ ಶಿವ ಕುಳಿತಿರುವುದು ಶಾಸ್ತ್ರಕ್ಕೂ ಸರಿ, ಗಾಳಿಗೂ ಸರಿ. ಅಗಲವಾದ ಬುಡ, ಮೇಲೆ ಹೋದಂತೆ ಕಿರಿದಾಗುವ ಮೈ. ನಾಲ್ಕು ಕೈಗಳಿದ್ದರೂ ಒಟ್ಟು ಆಕಾರ ಒಂದು ಗುಡ್ಡದಂತೆ ಕಾಣುತ್ತದೆ.

ಉಪ್ಪಿನ ಪರೀಕ್ಷೆ

ಗಾಳಿಗಿಂತ ದೊಡ್ಡ ಶತ್ರು ಗಾಳಿಯೊಳಗಿನ ಉಪ್ಪು. ಕಾಂಕ್ರೀಟಿಗೆ ಒತ್ತಡ ತಡೆಯುವ ಶಕ್ತಿ ಬಹಳ, ಎಳೆತ ತಡೆಯುವ ಶಕ್ತಿ ಕಡಿಮೆ. ಎಳೆತವನ್ನು ತಡೆಯಲು ಒಳಗೆ ಉಕ್ಕಿನ ಕಂಬಿ ಬೇಕು. ಹೊಸ ಕಾಂಕ್ರೀಟು ತೀಕ್ಷ್ಣವಾದ ಕ್ಷಾರ. ಆ ಕ್ಷಾರದಲ್ಲಿ ಕಂಬಿಯ ಮೇಲೆ ಒಂದು ತೆಳು ರಕ್ಷಾಕವಚ ಹುಟ್ಟಿ ತುಕ್ಕನ್ನು ತಡೆಯುತ್ತದೆ. ಕಡಲ ಗಾಳಿಯ ಉಪ್ಪಿನಂಶ ತೇವದ ಜೊತೆ ಸಣ್ಣ ರಂಧ್ರಗಳಲ್ಲಿ ಇಳಿದು ಕಂಬಿಯನ್ನು ಮುಟ್ಟಿದ ದಿನ ಆ ಕವಚ ಒಡೆಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು, ಕೆಲವೊಮ್ಮೆ ಆರು ಪಟ್ಟಿನವರೆಗೆ ಜಾಗ ಕೇಳುತ್ತದೆ. ಜಾಗ ಎಲ್ಲಿದೆ? ಕಾಂಕ್ರೀಟು ಬಿರಿಯುತ್ತದೆ, ಬಿರುಕಿನಲ್ಲಿ ಇನ್ನಷ್ಟು ಉಪ್ಪುನೀರು, ಇನ್ನಷ್ಟು ತುಕ್ಕು. ಹಳೆಯ ಸೇತುವೆಗಳ ಅಡಿಯಲ್ಲಿ ಕಂದು ಕಲೆಯನ್ನೂ ಉದುರಿದ ಚಕ್ಕೆಯನ್ನೂ ನೀವೆಲ್ಲ ನೋಡಿಯೇ ಇದ್ದೀರಿ.

ಇದಕ್ಕೆ ಮದ್ದು ಕಂಬಿಯ ಮೇಲೆ ದಟ್ಟವಾದ, ದಪ್ಪವಾದ ಕಾಂಕ್ರೀಟಿನ ಹೊದಿಕೆ. 2000ದಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ 456ನೆಯ ಸಂಹಿತೆ, ಮನೆಯೊಳಗಿನ ಸೌಮ್ಯ ಪರಿಸರಕ್ಕೆ 20 ಮಿಲಿಮೀಟರ್ ಹೊದಿಕೆ ಸಾಕೆಂದರೆ, ಕರಾವಳಿಯ ಬಯಲಿಗೆ 45, ಕಡಲ ನೀರಿನ ತುಂತುರು ಬೀಳುವಲ್ಲಿಗೆ 50 ಮಿಲಿಮೀಟರ್ ಹೇಳಿತು. ಚಪ್ಪಟೆ ತಾರಸಿಯಲ್ಲಿ ಈ ಅಳತೆ ಕಾಯುವುದು ಸುಲಭ. ಆದರೆ ಬೆರಳಿನ ತುದಿ, ಕಿವಿಯ ಅಂಚು, ಬಟ್ಟೆಯ ನೆರಿಗೆಗಳಲ್ಲಿ? ಶಿಲ್ಪಿಗೆ ತೆಳುವಾಗಬೇಕು, ಕಂಬಿಗೆ ದಪ್ಪ ಬೇಕು. ಈ ಜಗಳದ ರಾಜಿಯಲ್ಲಿಯೇ ಕಾಂಕ್ರೀಟ್ ಶಿಲ್ಪದ ಆಯುಸ್ಸು ನಿಂತಿದೆ.

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ನಿವೋಲಾ ಕಡಲ ಮರಳನ್ನು ಅಚ್ಚಾಗಿ ಬಳಸಿದ. ಹೊರಗಿನ ಅಚ್ಚಿಗೆ ಅದು ನಡೆದೀತು. ಆದರೆ ಕಂಬಿಯಿರುವ ಕಾಂಕ್ರೀಟಿನ ಒಳಗೆ ತೊಳೆಯದ ಕಡಲ ಹೊಯ್ಗೆ ಸೇರಿಸಿದರೆ, ಹೊರಗಿನಿಂದ ಬರಬೇಕಾದ ಶತ್ರುವನ್ನು ನಾವೇ ಒಳಗೆ ಕೂರಿಸಿಕೊಂಡಂತೆ.

ಬ್ರೆಜಿಲ್ ದೇಶದ ರಿಯೋ ನಗರದವರು ಈ ಸಮಸ್ಯೆಗೆ ಚೆಂದದ ಉತ್ತರ ಕಂಡುಕೊಂಡರು. 1931ರಲ್ಲಿ ಕಡಲ ಪಕ್ಕದ ಬೆಟ್ಟದ ಮೇಲೆ ನಿಂತ 30 ಮೀಟರಿನ ಏಸುಕ್ರಿಸ್ತನ ಮೂರ್ತಿ ಒಳಗೆ ಕಾಂಕ್ರೀಟು. ಹೊರಗೆ ಮಾತ್ರ ಸಣ್ಣ ಸಣ್ಣ ಕಲ್ಲಿನ ಬಿಲ್ಲೆಗಳ ಚರ್ಮ. ಆ ಕಲ್ಲು ಬಳಪದ ಕಲ್ಲು. ನಮ್ಮ ಹೊಯ್ಸಳ ಶಿಲ್ಪಿಗಳು ಬೇಲೂರು, ಹಳೇಬೀಡುಗಳಲ್ಲಿ ಮದನಿಕೆಯರ ಒಡವೆಯ ಎಳೆ ಎಳೆಯನ್ನೂ ಬಿಡಿಸಿದ್ದು ಅದೇ ಜಾತಿಯ ಕಲ್ಲಿನಲ್ಲಿ. ಕಾಂಕ್ರೀಟು ಭಾರ ಹೊತ್ತಿತು, ಕಲ್ಲು ಬಿಸಿಲು ಮಳೆ ಹೊತ್ತಿತು. ಆದರೂ ಆ ಮೂರ್ತಿಗೆ ಸಿಡಿಲಿನ ಪೆಟ್ಟು ತಪ್ಪಲಿಲ್ಲ. 2010ರಲ್ಲಿ ದೊಡ್ಡ ದುರಸ್ತಿ ನಡೆಯಿತು. ಎಷ್ಟು ಚೆನ್ನಾಗಿ ಕಟ್ಟಿದರೂ ನೋಡಿಕೊಳ್ಳುವವರು ಬೇಕು ಎಂಬುದೇ ಇದರ ಪಾಠ.

ಎತ್ತರವೇ ಕಲೆಯೆ?

ಇನ್ನು ಕಲೆಯ ಪ್ರಶ್ನೆ. ಮುರ್ಡೇಶ್ವರದ ಶಿವ ಒಂದು ಕಾಲದಲ್ಲಿ ಜಗತ್ತಿನಲ್ಲೇ ಅತಿ ಎತ್ತರದ ಶಿವಮೂರ್ತಿ ಎನಿಸಿತ್ತು. ಆಮೇಲೆ ನೇಪಾಳದ ಸಾಂಗಾದಲ್ಲಿ ಅದಕ್ಕಿಂತ ಎತ್ತರದ್ದು ಬಂತು. ರಾಜಸ್ಥಾನದ ನಾಥದ್ವಾರದಲ್ಲಿ 2022ರಲ್ಲಿ 369 ಅಡಿಯದು ಬಂತು. ಹೆಸರು ಅಡಿಯ ಲೆಕ್ಕದ್ದಾದರೆ ಅದು ಇನ್ನೊಬ್ಬ ಹೆಚ್ಚು ಅಡಿ ಕಟ್ಟುವವರೆಗೆ ಮಾತ್ರ. ವಿಮರ್ಶಕರ ಆಕ್ಷೇಪದಲ್ಲಿ ಇಷ್ಟು ನಿಜವಿದೆ. ಇಂಥ ಹಲವು ಮೂರ್ತಿಗಳಲ್ಲಿ ಕ್ಯಾಲೆಂಡರಿನ ಚಿತ್ರವೇ ದೊಡ್ಡದಾಗಿ ನಿಂತಿದೆ. ಕಾಂಕ್ರೀಟು ತನ್ನ ಗುಣ ತೋರದೆ ಬಣ್ಣದ ಹಿಂದೆ ಅಡಗಿದೆ.

ಆದರೆ ಅದರಿಂದ ವಸ್ತುವನ್ನೇ ತಳ್ಳಿಹಾಕುವುದು ಸರಿಯಲ್ಲ. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನ ಕಡೆಯವರಾದ ಕಾನಾಯಿ ಕುಂಞಿರಾಮನ್ 1969ರಲ್ಲಿ ಮಲಂಪುಳ ಅಣೆಕಟ್ಟಿನ ತೋಟದಲ್ಲಿ ಮಾಡಿದ "ಯಕ್ಷಿ" ಸುಮಾರು 30 ಅಡಿಯದು. ಬತ್ತಲೆಯೆಂದು ಆಗ ಗಲಾಟೆಯಾಯಿತು. ಇಂದು ಅದು ಕೇರಳದ ಹೆಮ್ಮೆ. ಹಾವೇರಿ ಜಿಲ್ಲೆ ಶಿಗ್ಗಾಂವಿ ಬಳಿಯ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ್ ರಾಕ್ ಗಾರ್ಡನ್ನಿನಲ್ಲಿ ದೈತ್ಯರಿಲ್ಲ. ಆಳೆತ್ತರದ ರೈತ, ಕುಂಬಾರ, ಬೀಸುವ ಹೆಂಗಸು, ಹುಡುಗರ ಆಟ. ಕಣ್ಮರೆಯಾಗುತ್ತಿರುವ ಉತ್ತರ ಕರ್ನಾಟಕದ ಹಳ್ಳಿಯನ್ನು ಅವರು ಸಿಮೆಂಟಿನಲ್ಲಿ ದಾಖಲು ಮಾಡಿದರು. ಕತ್ತೆತ್ತಿ ನೋಡಬೇಕಾದದ್ದೂ ಶಿಲ್ಪವೇ, ಪಕ್ಕದಲ್ಲಿ ನಿಂತು ಮಾತಾಡಿಸಬೇಕೆನಿಸುವುದೂ ಶಿಲ್ಪವೇ.

ನಾವು ಮಾಡಬೇಕಾದದ್ದು

ಇದೆಲ್ಲ ದೊಡ್ಡವರ ಮಾತಾಯಿತು, ನಮಗೇನು ಎಂದು ನೀವು ಕೇಳಬಹುದು. ನಮ್ಮ ತಾಲೂಕುಗಳ ಶಾಲೆಯ ಅಂಗಳ, ದೇವಸ್ಥಾನದ ಮಾಡು, ಊರಿನ ಸರ್ಕಲ್ಲುಗಳಲ್ಲಿ ಸಿಮೆಂಟಿನ ಮೂರ್ತಿಗಳು ಎಷ್ಟಿಲ್ಲ! ಚಂದಾ ಎತ್ತಿ ನಿಲ್ಲಿಸುತ್ತೇವೆ, ಹಾರ ಹಾಕುತ್ತೇವೆ, ಹತ್ತು ಮಳೆಗಾಲ ಕಳೆಯುವಷ್ಟರಲ್ಲಿ ಬೆರಳು ಉದುರಿ ಕಂಬಿ ಕಾಣುತ್ತದೆ. ಆಗ "ಸಿಮೆಂಟೇ ಹಾಗೆ" ಎಂದು ವಸ್ತುವಿನ ಮೇಲೆ ತಪ್ಪು ಹೊರಿಸುತ್ತೇವೆ.

ಮೂರ್ತಿ ಮಾಡಿಸುವವರಲ್ಲಿ ನನ್ನ ವಿನಂತಿ ಇಷ್ಟೆ. ಹೊಳೆಯ ಹೊಯ್ಗೆಯಾದರೂ ಉಪ್ಪು ಇದೆಯೇ ಎಂದು ನೋಡಿ. ಅಳಿವೆಯ ಬಳಿ ಹೊಳೆಯೂ ಉಪ್ಪೇ. ಕಂಬಿಗೆ ಎಷ್ಟು ಹೊದಿಕೆ ಬಿಟ್ಟಿದ್ದಾರೆಂದು ಮೇಸ್ತ್ರಿಯನ್ನು ಕೇಳಿ. ಉದ್ಘಾಟನೆಯ ತಾರೀಕಿಗಾಗಿ ನೀರು ಹೊಡೆಯುವ ದಿನಗಳನ್ನು ಮೊಟಕು ಮಾಡಬೇಡಿ. ಕಾಂಕ್ರೀಟಿನ ಬಲವನ್ನು 28 ದಿನಕ್ಕೆ ಅಳೆಯುವ ರೂಢಿ ಸುಮ್ಮನೆ ಬಂದದ್ದಲ್ಲ. ಪ್ರತಿ ಮಳೆಗಾಲ ಮುಗಿದ ಮೇಲೆ ಒಮ್ಮೆ ಏಣಿ ಹಾಕಿ ಬಿರುಕು, ಕಂದು ಕಲೆ ನೋಡಿ. ಕೂದಲೆಳೆಯಷ್ಟಿರುವಾಗ ಮುಚ್ಚುವ ಬಿರುಕಿಗೆ ನೂರು ರೂಪಾಯಿ, ಕೈ ಬಿದ್ದ ಮೇಲೆ ಲಕ್ಷ. ಕೊನೆಯದಾಗಿ, ಪೀಠದ ಕಲ್ಲಿನಲ್ಲಿ ದಾನಿಗಳ ಮತ್ತು ಉದ್ಘಾಟಕರ ಹೆಸರಿನ ಜೊತೆ ಶಿಲ್ಪಿಯ, ಗಾರೆಯವರ, ಕಂಬಿ ಕಟ್ಟಿದವರ ಹೆಸರನ್ನೂ ಬರೆಸಿ. ಹೊಯ್ಸಳರ ಕಾಲದ ಶಿಲ್ಪಿಗಳು ತಮ್ಮ ಹೆಸರನ್ನು ಮೂರ್ತಿಯ ಕೆಳಗೆ ಕೊರೆದಿಟ್ಟದ್ದರಿಂದಲೇ ನಮಗೆ ಇಂದು ಮಲ್ಲಿತಮ್ಮನಂಥವರು ಗೊತ್ತು.

ಕಲ್ಲಿನ ಮೂರ್ತಿ ಸಾವಿರ ವರ್ಷ ನಮ್ಮ ಅಲಕ್ಷ್ಯವನ್ನು ತಡೆದುಕೊಂಡೀತು. ಕಾಂಕ್ರೀಟಿನ ಮೂರ್ತಿ ತಡೆದುಕೊಳ್ಳದು. ತೋಟದಂತೆ, ದೋಣಿಯಂತೆ ಅದಕ್ಕೆ ವರ್ಷ ವರ್ಷವೂ ಆರೈಕೆ ಬೇಕು. ಮಳೆಗಾಲ ಬಂತೆಂದರೆ ದೋಣಿಯನ್ನು ದಡಕ್ಕೆ ಎಳೆದು ಎಣ್ಣೆ ಹಚ್ಚಿ ಕಾಯ್ದುಕೊಂಡು ಬಂದ ಊರು ಇದು. ಆ ಅಭ್ಯಾಸದ ಒಂದು ಪಾಲನ್ನು ಸರ್ಕಲ್ಲಿನ ಮೂರ್ತಿಗೂ ಕೊಟ್ಟರೆ ಸಾಕು.